ಮೂರು ಆಂಟೆನಾ, ಒಂದು ದನಿ

ಭಾನುವಾರ, ಮಾರ್ಚ್ ೧೭

ಪ್ರೀತಿಯ ಗುಬ್ಬಿಗೆ,

ಅಣ್ಣನ ನೆನಪುಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. "ಭಾನುವಾರ ಬೆಳಿಗ್ಗೆ ರೇಡಿಯೋ ಮುಂದೆ ಕೂತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಯ್ತು. ಫೋನೂ ಎತ್ತಲ್ಲ. ನೀನು ಬರೀ ಆಂಟೆನಾ ಕಟ್ಟೋನೋ, ಮಾತೂ ಆಡೋನೋ?" ಎಂದು ಬರೆದಿದ್ದೀಯ. ನ್ಯಾಯವಾದ ಪ್ರಶ್ನೆಯೇ. ನೀನು ಸಮುದ್ರದಾಚೆ ಹೋದ ಮೇಲೆ, ಅಪ್ಪ ಕಲಿಸಿಕೊಟ್ಟ ಈ ಹ್ಯಾಮ್ ರೇಡಿಯೋ ಹುಚ್ಚಿನಿಂದಲೇ ವಾರಕ್ಕೊಮ್ಮೆ ನಾವು ಅಣ್ಣ ತಂಗಿಯಾಗಿ ಉಳಿದಿರುವುದು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಛಾವಣಿಗೆ ಯಾವ ಆಂಟೆನಾ ಒಳ್ಳೆಯದು? ಮೂರನ್ನೂ ಕಟ್ಟಿ ನೋಡಿದವನು ಹೇಳುತ್ತಿದ್ದೇನೆ, ನಂಬು.

ಯಾಗಿ ನಿನಗೆ ಗೊತ್ತೇ ಇದೆ, ಹಳೇ ಟಿವಿ ಆಂಟೆನಾದ ದೊಡ್ಡಣ್ಣ. ಒಂದು ಕೊಳವೆಯ ಮೇಲೆ ಮೂರು ಅಲ್ಯೂಮಿನಿಯಂ ಸರಳು. ಮುಖ ಮಾಡಿದ ಕಡೆಗೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಬೆನ್ನ ಹಿಂದಿನವರು ಎಷ್ಟು ಕೂಗಿದರೂ ಅಷ್ಟಕ್ಕಷ್ಟೇ. ಕೆಳಗಿನ ಬೇಕರಿಯವನು ಒಂದು ಕೈ ಕೊಟ್ಟ, ಹತ್ತಿಸಿದೆವು. ನಿನ್ನ ಕಡೆಗೆ ತಿರುಗಿಸಿ ಕೂತೆ. ನಿನ್ನ ದನಿ ಬಂತು, ಆದರೆ ಮಾತಿನ ಅಂಚೆಲ್ಲ ಸವೆದುಹೋದ ಹಾಗೆ ಬಂತು. ಯಾಗಿಯದೇ ದೋಷ ಎಂದು ಇಳಿಸಿದೆ.

ಆಮೇಲೆ ಕ್ವಾಡ್. ಅದರಲ್ಲಿ ಸರಳಿಲ್ಲ, ಕಡ್ಡಿಗಳ ಚೌಕಟ್ಟಿಗೆ ಬಿಗಿದ ಎರಡು ತಂತಿ ಚೌಕ. ಗಾಳಿಪಟ ಹರಿದುಹೋಗಿ ಅಸ್ಥಿಪಂಜರ ಉಳಿದ ಹಾಗೆ ಕಾಣುತ್ತದೆ. ಗೊರಗೊರ ಸದ್ದು ಕಡಿಮೆ, ಬಲದಲ್ಲಿ ಯಾಗಿಗೆ ಸರಿಸಮ. ಆದರೆ ಜೋರು ಗಾಳಿಗೆ ತಡೆಯುವುದಿಲ್ಲ. ಒಂದು ಮಧ್ಯಾಹ್ನ ಅರ್ಧ ಕ್ವಾಡ್ ಬೇಕರಿಯವನ ಬಾಗಿಲಿಗೆ ಬಿತ್ತು. "ಆಂಟೆನಾ ಡೆಲಿವರಿ ನಾನು ಹೇಳಿರಲಿಲ್ಲವಲ್ಲ, ಸಾರ್" ಎಂದ. ಅದರಲ್ಲೂ ನಿನ್ನ ದನಿ ಮಸುಕೇ.

ಮೂರನೆಯದು ಮಾಕ್ಸನ್. ಎರಡೇ ಸರಳು, ತುದಿಗಳನ್ನು ಒಂದರ ಕಡೆಗೊಂದು ಮಡಚಿರುತ್ತಾರೆ. ಎದುರಿನ ಬಲ ಯಾಗಿಗಿಂತ ತುಸು ಕಡಿಮೆ, ಆದರೆ ಬೆನ್ನ ಹಿಂದಿನ ಗಲಾಟೆಯನ್ನು ಇದರಷ್ಟು ಚೆನ್ನಾಗಿ ತಡೆಯುವುದು ಇನ್ನೊಂದಿಲ್ಲ. ಜಾಗವೂ ಕಡಿಮೆ ಸಾಕು. ನಿನ್ನ ಇಕ್ಕಟ್ಟಿನ ಛಾವಣಿಗೆ ಇದೇ ಸರಿ, ಕಣ್ಣು ಮುಚ್ಚಿ ಕಟ್ಟಿಕೋ.

ನನಗೆ ಮಾತ್ರ ಇದೂ ಒಲಿಯಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತಾ "ಇದರಲ್ಲಿ ಚೆನ್ನಾಗಿದೆಯಾ, ಅದರಲ್ಲಾ?" ಎಂದು ಕೇಳುತ್ತೇನಲ್ಲ, ಹಾಗೆ ನನ್ನನ್ನೇ ಕೇಳಿಕೊಂಡೆ. ಮೂರರಲ್ಲೂ ಒಂದೇ ಉತ್ತರ. ವಿಚಿತ್ರವೆಂದರೆ, ನೀನು ಮಾತಾಡುವಾಗೆಲ್ಲ ರೇಡಿಯೋದಲ್ಲಿ ದನಿಯ ಬಲ ತೋರಿಸುವ ಮೀಟರ್ ಮುಳ್ಳು ಜೋರಾಗಿ ಮೇಲೇರುತ್ತಿತ್ತು. ಮುಳ್ಳು ಕೆಟ್ಟಿದೆ ಎಂದುಕೊಂಡೆ. ನಿನ್ನ ಅತ್ತಿಗೆ ಹೋದ ಮೇಲೆ ಈ ಮನೆಯೊಳಗೆ ನನ್ನನ್ನು ಮಾತಾಡಿಸುವ ದನಿ ನಿನ್ನದೊಂದೇ. ಅದೂ ಮಸುಕಾದಾಗ ರೇಡಿಯೋ ಮುಂದೆ ಕೂರುವುದಕ್ಕೇ ಭಯವಾಯಿತು, ಗುಬ್ಬಿ. ಅದಕ್ಕೇ ಬರುವುದು ಬಿಟ್ಟೆ.

ನೀನು ಚೆನ್ನಾಗಿರು. ಮಕ್ಕಳಿಗೆ ಮಾವನ ಮುತ್ತು. ನಿನ್ನ ಗಂಡನಿಗೆ ಹೇಳು, ಹೆಂಡತಿ ಛಾವಣಿ ಹತ್ತಿದಾಗ ಕೆಳಗೆ ನಿಂತು ಸಲಹೆ ಕೊಡುವ ಬದಲು ಏಣಿ ಹಿಡಿದುಕೊಳ್ಳಲಿ ಅಂತ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೀಟರ್ ರಿಪೇರಿಗೆಂದು ತಂತಿ ತಾತನನ್ನು ಕರೆಸಿದ್ದೆ. ತಾರು ಕಚೇರಿಯಲ್ಲಿದ್ದು ನಿವೃತ್ತರಾದವರು, ನನಗಿಂತ ಎಷ್ಟೋ ದೊಡ್ಡವರು. ಆಗ ರೇಡಿಯೋದಲ್ಲಿ ನೀನು ನನ್ನನ್ನು ಕೂಗುತ್ತಿದ್ದೆ. ತಾತ ಕಿವಿ ಮುಚ್ಚಿಕೊಂಡು, "ವಾಲ್ಯೂಮ್ ಇಳಿಸಯ್ಯಾ, ಪಕ್ಕದಲ್ಲೇ ಕೂತು ಕಿರುಚಿದ ಹಾಗಿದೆ" ಎಂದರು. ನಾನು ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಆಮೇಲೆ ಮೀಟರಿನ ವಿಷಯ ಇಬ್ಬರೂ ಎತ್ತಲಿಲ್ಲ.

ಡಾಕ್ಟರು ಎಡಗಿವಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ ಅಂದರು. ಕಿವಿಗೆ ಮಿಷನ್ ಹಾಕಿಕೊಂಡರೆ ಸದ್ದು ಕೇಳುತ್ತದಂತೆ, ಮಾತು ಬಿಡಿಸಿ ಕೇಳುವುದು ಕಷ್ಟವಂತೆ. ಫೋನಿನದೂ ಅದೇ ಕಥೆ. ಅಂಗಡಿಯಲ್ಲಿ ಗೊತ್ತೇ ಆಗಿರಲಿಲ್ಲ, ಗಿರಾಕಿಗಳು ಗೋಡೆಯ ಅಕ್ಷರ ಫಲಕ ಓದುವಾಗ ನಾನು ತುಟಿ ನೋಡುತ್ತಿದ್ದೆನಲ್ಲ. ಪತ್ರಿಕೆಯವರು ಅಕ್ಷರ ಚಿಕ್ಕದು ಮಾಡಿದ್ದಾರೆ ಎಂದು ದೂರುತ್ತಾ ಬರುವವರನ್ನು ನೋಡಿ ಎಷ್ಟು ನಕ್ಕಿದ್ದೇನೆ. ಈಗ ನಾನೂ ಅವರ ಸಾಲಿನಲ್ಲಿ ನಿಂತಿದ್ದೇನೆ.

ಈ ಕಾಗದ ಸಿಕ್ಕ ಮೇಲಿನ ಭಾನುವಾರ ಮಾತಾಡಬೇಡ. ಮೋರ್ಸ್ ಸಂಕೇತ ಕಳಿಸು, ನಿಧಾನವಾಗಿ. ಊಟದ ಹೊತ್ತಿನಲ್ಲಿ ಅಪ್ಪ ಮಾತು ಬೇಡ ಅಂದರೆ ಮೇಜಿನ ಕೆಳಗೆ ನನ್ನ ಅಂಗೈ ಮೇಲೆ ತಟ್ಟುತ್ತಿದ್ದೆಯಲ್ಲ, ಹಾಗೆ. ಸ್ಪೀಕರಿನ ಮೇಲೆ ಬೆರಳಿಟ್ಟು ನೋಡಿದೆ, ಗಿಡ್ಡದ್ದು ಉದ್ದದ್ದು ಎರಡೂ ಗೊತ್ತಾಗುತ್ತವೆ. ಒಂದೇ ಒಂದು ಕೋರಿಕೆ. ನಗು ಬಂದಾಗ 'ನಕ್ಕೆ' ಎಂದು ಕಳಿಸು. ಇಲ್ಲದಿದ್ದರೆ ನನಗೆ ಗೊತ್ತಾಗುವುದಿಲ್ಲ.