ತೊಟ್ಟಿಲಲ್ಲಿ ಗುಂಡಕಲ್ಲು

ಅಕ್ಕೋಳ
14-6-1988

ಪ್ರೀತಿಯ ಕಮರುನ್ನಿಸಾ,

ನಿಪ್ಪಾಣಿಯಲ್ಲಿ ನೀನೂ ಮನೆಯವರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಇಲ್ಲಿ ಇವತ್ತು ಬೆಳಿಗ್ಗೆ ನಮ್ಮ ಪಡಸಾಲೆಯ ತೊಟ್ಟಿಲಲ್ಲಿದ್ದ ಗುಂಡಕಲ್ಲಿನ ತಲೆಗೆ ಹೊಸ ಕುಂಚಿಗೆ ಬಂದಿತ್ತು. ದೃಷ್ಟಿಯಾಗಬಾರದೆಂದು ಒಂದು ಕಾಡಿಗೆ ಬೊಟ್ಟೂ ಇತ್ತು.

ನಗಬೇಡ, ಇದು ಕೋರ್ಟಿನ ವಿಷಯ. ಭೀಮಗೊಂಡ ಅಜ್ಜ ಮೃತ್ಯುಪತ್ರದಲ್ಲಿ ತಂಬಾಕಿನ ಹೊಲವನ್ನು ಅಜ್ಜಿ ಬದುಕಿರುವವರೆಗೆ ಅಜ್ಜಿಗೆ, ಆಮೇಲೆ ಪೂರ್ತಿಯಾಗಿ ‘ಮೊಮ್ಮಗಳು ಕುಸುಮಳಿಗೆ ಹುಟ್ಟುವ ಮಕ್ಕಳಿಗೆ’ ಎಂದು ಬರೆದಿಟ್ಟಿದ್ದ. ಆಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಅಜ್ಜ ತೀರಿದ ಮೇಲೆ ಅಪ್ಪನ ತಮ್ಮ ಕಾಕಾಸಾಹೇಬ ಕಾಕಾ ಚಿಕ್ಕೋಡಿಯಲ್ಲಿ ದಾವೆ ಹಾಕಿದ: ಹುಟ್ಟದವರಿಗೆ ಹೊಲ ಕೊಡಲು ಬರುವುದಿಲ್ಲ, ಪತ್ರದಲ್ಲಿ ಉಳಿದ ಆಸ್ತಿಯೆಲ್ಲ ತನ್ನ ಹೆಸರಿಗಿದೆ, ಆದ್ದರಿಂದ ಅದೂ ತನಗೇ ಸೇರಬೇಕು.

ತೆಗೆದುಕೊಳ್ಳುವವರು ಯಾರಾದರೂ ಇರಬೇಕಲ್ಲ ಎಂದು ನಮ್ಮ ವಕೀಲರು ಒಮ್ಮೆ ಅಂದದ್ದೇ ತಡ, ಸುಂದ್ರವ್ವಜ್ಜಿ ಅಟ್ಟದಿಂದ ತೊಟ್ಟಿಲು ಇಳಿಸಿದಳು. ಹೆಸರಿಡುವ ದಿನ ನಾವು ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕುವುದನ್ನು ನೀನೂ ನೋಡಿದ್ದೀಯ. ಕಲ್ಲು ಜಾಗ ಹಿಡಿದಿರಲಿ, ಕೂಸು ಸಾವಕಾಶ ಬರಲಿ ಎಂಬುದು ಅಜ್ಜಿಯ ಕಾನೂನು. ಹೊಲ ನೋಡಲು ಬಂದ ಕೋರ್ಟ್ ಕಮಿಷನರು ನಮ್ಮಲ್ಲಿ ಚಹಾ ಕುಡಿಯುತ್ತ ಅಪ್ಪನನ್ನು ಏನೋ ಕೇಳಹೋದಾಗ ಅಜ್ಜಿ ತೊಟ್ಟಿಲು ತೂಗುತ್ತ, “ಸಣ್ಣಾಗಿ ಮಾತಾಡ್ರಿ ಸಾಹೇಬ್ರ, ಹೊಲದ ಮಾಲಕ ಮಲಗ್ಯಾನ” ಅಂದಳು. ಪಾಪ, ಅವರು ಪಂಚನಾಮೆಯನ್ನೆಲ್ಲ ಪಿಸುಮಾತಿನಲ್ಲೇ ಮುಗಿಸಿದರು. ಹೊರಡುವಾಗ ಇಣುಕಿ ನೋಡಿ, ವರದಿಯ ಕೊನೆಗೆ ‘ತೊಟ್ಟಿಲಲ್ಲಿ ಕಲ್ಲು ಒಂದು’ ಎಂದು ಸೇರಿಸಿದರು. ಕಾಕಾನ ವಕೀಲರು ಅದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದಾಗ ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ಬೆಂಚಿನ ಮೊಳೆಗಳನ್ನು ನೋಡುತ್ತ ಕುಳಿತೆ.

ನಿನ್ನೆ ತೀರ್ಪು ಬಂತು. ಹುಟ್ಟದ ಮಗುವಿಗೆ ನೇರವಾಗಿ ಕೊಟ್ಟಿದ್ದರೆ ಬರಹ ಬಿದ್ದುಹೋಗುತ್ತಿತ್ತಂತೆ. ಅಜ್ಜ ಮೊದಲು ಅಜ್ಜಿಗೆ ಕೊಟ್ಟು, ಆಮೇಲೆ ಏನೂ ಹಿಡಿದಿಟ್ಟುಕೊಳ್ಳದೆ ಮಗುವಿಗೆ ಬಿಟ್ಟದ್ದರಿಂದ ಅವನ ಮನಸ್ಸಿನಂತೆಯೇ ನಡೆಯಬೇಕು ಅಂದರು ನ್ಯಾಯಾಧೀಶರು. ಆದರೆ ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮಗು ಹುಟ್ಟಿರಬೇಕು. ಇಲ್ಲದಿದ್ದರೆ ಹೊಲ ಕಾಕಾನದು.

ಗೆದ್ದೆವು ಎಂದುಕೊಂಡೆ. ಬಸ್ಸಿನಲ್ಲೇ ಗೊತ್ತಾಯಿತು, ಸಿಕ್ಕಿಬಿದ್ದವಳು ನಾನು. ಅಪ್ಪ ರಾಯಬಾಗದ ಗಂಡಿನವರಿಗೆ ಭಾನುವಾರ ಬರಲು ಹೇಳಿಕಳಿಸಿದ್ದಾನೆ. ಅಜ್ಜಿಗೆ ಮೊಸರು ಬಂದ್, ಮೆಣಸಿನ ಕಷಾಯ ಶುರು. ಊರಿಗೆ ಬಂದು ಇಳಿದದ್ದೇ ಕಾಕಾ ಎರಡು ಸಲ ಅಜ್ಜಿಯ ಆರೋಗ್ಯ ವಿಚಾರಿಸಿ ಹೋದ. ಅವಳು ಕೆಮ್ಮಿದಾಗ ಇಬ್ಬರು ಮಕ್ಕಳೂ ಒಟ್ಟಿಗೆ ಎದ್ದು ನಿಂತರು, ಬೇರೆ ಬೇರೆ ಕಾರಣಕ್ಕೆ.

ನನ್ನ ಎಂ.ಎ. ಅರ್ಜಿ ಟ್ರಂಕಿನಲ್ಲೇ ಇತ್ತು. ನಿನ್ನೆ ಸಂಜೆ ಅದನ್ನು ಅಜ್ಜಿಗೆ ತೋರಿಸಿದೆ. ಎಷ್ಟು ವರ್ಷದ್ದೆಂದು ಕೇಳಿದಳು. ಎರಡು ಅಂದೆ. ಕಲ್ಲನ್ನು ಇನ್ನೊಮ್ಮೆ ತೂಗಿದಳು.

“ಹಡಿಯೂದು ನಿನ್ನ ಕೈಯಾಗ ಐತಿ, ಸಾಯೂದು ನನ್ನ ಕೈಯಾಗ ಐತಿ. ಈ ಗಂಡಮಕ್ಕಳ ಯಾಕ ಅವಸರ ಮಾಡಾಕತ್ತಾರ? ನೀ ಓದಕೊಂಡ ಬಾ ಬೇ. ನಿನ್ನ ಪರೀಕ್ಷಾ ಮುಗಿಯೂತನಕ ನಾ ಎಲ್ಲೂ ಹೋಗಂಗಿಲ್ಲ.”

ಆಮೇಲೆ, ಭಾನುವಾರ ಗಂಡಿನವರು ಬಂದಾಗ ತೊಟ್ಟಿಲು ಪಡಸಾಲೆಯಲ್ಲೇ ಇರಲಿ, ತಾನೇ ತೂಗುತ್ತ ಕೂಡುತ್ತೇನೆ ಅಂದಳು. ಯಾರ ಕೂಸು ಎಂದು ಅವರು ಕೇಳಿದರೆ ಕುಸುಮಂದು ಎನ್ನುತ್ತಾಳಂತೆ.

ಅರ್ಜಿಯಲ್ಲಿ ಪಾಲಕರ ಸಹಿಯ ಜಾಗದಲ್ಲಿ ಅವಳ ಹೆಬ್ಬೆಟ್ಟಿದೆ. ಈ ಪತ್ರದ ಜೊತೆಗೇ ಅದನ್ನೂ ಟಪಾಲಿಗೆ ಹಾಕುತ್ತೇನೆ. ಅಪ್ಪನಿಗೆ ಸೋಮವಾರ ಹೇಳುತ್ತೇನೆ.

ಅಮ್ಮೀಗೆ ನಮಸ್ಕಾರ ತಿಳಿಸು.

ನಿನ್ನ
ಕುಸುಮ

ತಾ.ಕ.: ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುವುದಿಲ್ಲ. ಕುಂಚಿಗೆ ಹೊಲಿದವಳು ನಾನೇ. ಭಾನುವಾರ ದೂರದಿಂದಲೂ ಕಾಣಲೆಂದು ಕೆಂಪು ಅಂಚು ಹಚ್ಚಿದ್ದೇನೆ.