ಶಿವಲೀಲಾ ಒಮ್ಮೆಲೇ ಸಾಯಲಿಲ್ಲ

ಗದಗ, 2231ರ ಫೆಬ್ರವರಿ 30

ಔಷಧಿ ಅಂಗಡಿಯ ಚನ್ನವೀರಪ್ಪನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನು ಸರಿಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಕಟುವೆನಿಸಿದರೆ ಅದು ಬೇಕೆಂದೇ ಬರೆದದ್ದು. ನಿಮ್ಮ ಅಕ್ಕ ಶಿವಲೀಲಾ ಅವರ ಮಗಳು ಪ್ರಭಾವತಿಯ ವಂಶದವಳು ನಾನು. ಅವಳು ಮುದುಕಿಯಾದ ಮೇಲೆ ಬರೆದಿಟ್ಟ ನೋಟ್‌ಬುಕ್ ನನ್ನ ಬಳಿ ಇದೆ.

ನಮ್ಮಲ್ಲಿ ಎಲ್ಲರ ಕೊರಳೆಲುಬಿನ ಕೆಳಗೆ ಅಕ್ಕಿಕಾಳಿನಷ್ಟು ಯಂತ್ರವೊಂದಿರುತ್ತದೆ, ಮಿಡಿಗಾವಲು ಎನ್ನುತ್ತೇವೆ. ಹೃದಯಕ್ಕೆ ರಕ್ತ ಕಡಿಮೆಯಾದರೆ ಅದು ಕೂಗುತ್ತದೆ. ಕೂಗಿದರೆ ಬಸ್ಸು ನಿಲ್ಲುತ್ತದೆ, ಪಾಠ ನಿಲ್ಲುತ್ತದೆ, ಮದುವೆಯ ಅಕ್ಷತೆಯೂ ನಿಲ್ಲುತ್ತದೆ. ನಿಮ್ಮ ಅಕ್ಕನಿಗೆ ಯಂತ್ರ ಬೇಕಿರಲಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ನೀವು ವ್ಯಾಪಾರಿ ಸಂಘದ ಸನ್ಮಾನಕ್ಕೆ ಹೊರಟಿದ್ದಿರಿ. ಮಗಳೊಂದಿಗೆ ನಿಮ್ಮ ಮನೆಯಲ್ಲೇ ಇದ್ದ ಅಕ್ಕ ಬೆವರುತ್ತ ಬಂದು ಬಾಗಿಲಿಗೆ ಒರಗಿದರು.

"ಚನ್ನೂ, ದವಡಿ ಜಗ್ಗಾಕತ್ತೈತಿ. ಎಡಗೈ ಜೋಮು ಹಿಡದೈತಿ. ದವಾಖಾನಿಗೆ ಬಿಟ್ಟು ಹೋಗೋ."

"ಗ್ಯಾಸ್ ಆಗೈತಿ ಅಕ್ಕಾ, ಸೋಡಾ ಕುಡದು ಮಲಕೋ. ದಿನಾ ನೂರು ಮಂದೀಗೆ ಗುಳಿಗಿ ಕೊಡ್ತೀನಿ, ನನಗ ತಿಳಿಯಂಗಿಲ್ಲೇನು?"

ಕಾರಿನಲ್ಲಿ ಜಾಗವಿತ್ತು. ಆಸ್ಪತ್ರೆ ನೀವು ಹೋಗುವ ದಾರಿಯಲ್ಲೇ ಇತ್ತು.

ಮುಂದಿನ ನಲವತ್ತು ನಿಮಿಷ ಅವರೊಳಗೆ ನಡೆದದ್ದನ್ನು ಕೇಳಿ. ಹೃದಯಕ್ಕೇ ರಕ್ತ ಕೊಡುವ ನಾಳವೊಂದು ಕಟ್ಟಿಕೊಂಡಿತ್ತು. ರಕ್ತ ಸಿಗದ ಸ್ನಾಯುವಿನ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರಿತು. ಮಿಡಿತವನ್ನು ಹೊತ್ತೊಯ್ಯುವ ವಿದ್ಯುತ್ತು ಚೆನ್ನಾಗಿದ್ದ ಭಾಗದಲ್ಲಿ ಬೇಗ ಹರಿಯಿತು, ಹಸಿದ ಭಾಗದಲ್ಲಿ ತಡವಾಯಿತು. ತಡವಾದದ್ದು ಹಿಂದಿರುಗಿ ಬಂದು ಅಲ್ಲೇ ಸುತ್ತತೊಡಗಿತು. ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗಿತು. ನಡುಗುವ ಹೃದಯ ಮಿದುಳಿಗೆ ರಕ್ತ ಕಳಿಸಲಾರದು. ಆಸ್ಪತ್ರೆಯಲ್ಲಿದ್ದಿದ್ದರೆ ಎದೆಗೆ ಶಾಕ್ ಕೊಟ್ಟು ಸರಿಪಡಿಸಬಹುದಿತ್ತು. ಅಕ್ಕ ಅಡುಗೆಮನೆಯಲ್ಲಿ ಬಿದ್ದರು. ಹನ್ನೆರಡು ವರ್ಷದ ಪ್ರಭಾವತಿ "ಅವ್ವಾ, ಏಳಬೇ" ಎನ್ನುತ್ತ ಭುಜ ಅಲ್ಲಾಡಿಸುತ್ತಿದ್ದಳು. ನೀವು ಆಗ ಹಾರಕ್ಕೆ ಕೊರಳು ಬಾಗಿಸಿದ್ದಿರಿ.

ಮಣ್ಣಿಗೆ ಬಂದವರಿಗೆಲ್ಲ "ಒಮ್ಮೆಲೇ ಹೋಗಿಬಿಟ್ಲು, ಯಾರಿಗೂ ಸುಳಿವು ಸಿಗಲಿಲ್ಲ" ಎಂದಿರಿ. ಅಷ್ಟಕ್ಕೇ ಬಿಡಲಿಲ್ಲ. ಬಾಗಿಲ ಬಳಿ ನಡೆದ ಮಾತನ್ನು ಕೇಳಿಸಿಕೊಂಡಿದ್ದ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, "ಮುಂಜಾನೆ ಜಡಿ ಹೆಣಿಯೋ ಸಲುವಾಗಿ ಅವ್ವನ ಕೂಡ ಜಗಳಾ ತಗದಿ. ಅದಕ್ಕ ಅಕಿ ಎದಿ ಒಡೀತು" ಎಂದಿರಿ. ಔಷಧಿ ಬಲ್ಲ ಮಾವನ ಮಾತು ಸುಳ್ಳಿರಬಹುದೆಂದು ಅವಳಿಗೆ ತೋಚಲಿಲ್ಲ. ಎಂಬತ್ತೊಂದರ ವಯಸ್ಸಿನಲ್ಲೂ, ಆ ದಿನ ಕಂಡದ್ದು ಕೇಳಿದ್ದೆಲ್ಲ ನೋಟ್‌ಬುಕ್‌ನಲ್ಲಿ ಬರೆದು, ಕೊನೆಗೆ ಅವಳು ಸೇರಿಸಿದ್ದು ಇಷ್ಟೇ: "ಅವತ್ತ ನಾ ಜಗಳಾ ಆಡಬಾರದಿತ್ತು."

ಈ ಪತ್ರ ನಿಮ್ಮ ಕೈಸೇರುವ ದಿನ ಅಕ್ಕ ತೀರಿ ಹನ್ನೊಂದು ದಿನವಾಗಿರುತ್ತದೆ. ಹುಡುಗಿ ನಿಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತಿರುತ್ತಾಳೆ. ಎದ್ದು ಹೋಗಿ. ತಪ್ಪು ನನ್ನದು ಎನ್ನಿ. ಅವಳು ಅತ್ತರೆ ಸಮಾಧಾನ ಮಾಡಬೇಡಿ, ಬೈದರೆ ತಡೆಯಬೇಡಿ. ಅವಳ ಅಳು, ಬೈಗುಳ ಪೂರ್ತಿ ಮುಗಿಯುವವರೆಗೂ ಅಲ್ಲೇ ನಿಂತಿರಿ.

ಇರಾವತಿ