ಅಪ್ಪನ ಗಿರಾಕಿಗಳು ಎಲ್ಲಿ ಹೋದರು

ಸಾನಪಾಡಾ, ೧೪ ಜೂನ್ ೨೦೦೯, ಭಾನುವಾರ

ಸರ್ವರ್ ನಿಂತಾಗ ಆ ಅಂಕಿ ಎಲ್ಲಿಗೆ ಹೋಗುತ್ತದೆ?

ಬೆಳಗ್ಗಿನಿಂದ ಸತಾಯಿಸಿದ ಜಾವಾ ಮಾದರಿ ಪ್ರಾಜೆಕ್ಟ್ ಸಂಜೆ ಕೊನೆಗೂ ಬಿಲ್ಡ್ ಆಗಿ ಓಡಿತು. ಬ್ರೌಸರಿನಲ್ಲಿ ಒಂದೇ ಸಾಲು: ‘ಬಂದವರು: ೧’. ಪುಟ ತೆರೆದಷ್ಟು ಸಲ ಅಂಕಿ ಏರುತ್ತದೆ. ಚಹಾ ಮಾಡಿ ತರುವಷ್ಟರಲ್ಲಿ ಇನ್ನೂರು ದಾಟಿತ್ತು! ತುರ್ಭೆಯ ತಮ್ಮ ಹೋಟೆಲು ಮುಚ್ಚಿದ ಮೇಲೆ ಮಾತೇ ಬಿಟ್ಟಿದ್ದ ಅಪ್ಪ ಕೂತು ರಿಫ್ರೆಶ್ ಒತ್ತುತ್ತಿದ್ದರು.

“ರಶ್ ಉಂಟು ಮಾರಾಯ್ತಿ, ಚಾ ಆಮೇಲೆ.”

ಪುಟದ ಬಣ್ಣ ಬದಲಿಸಿ, ಸರ್ವರ್ ನಿಲ್ಲಿಸಿ, ಮತ್ತೆ ಬಿಲ್ಡ್ ಮಾಡಿದೆ. ಅಂಕಿ ಪುನಃ ಒಂದು.

“ಅಷ್ಟು ಜನ ಎಲ್ಲಿ ಹೋದ್ರು?” ಎಂದರು ಅಪ್ಪ. ನಾನು ನೆಟ್ಟಿನಲ್ಲಿ ಹುಡುಕಿದೆ.

ಡೇಟಾಬೇಸಿನಲ್ಲಿಟ್ಟರೆ ಉಳಿಯುತ್ತಾರಂತೆ. ಹೇಗೆ? ಕಣ್ಣು ಮುಚ್ಚಿಕೊಂಡು ಬರುತ್ತಿದೆ, ಆದರೆ ಅಪ್ಪ ಬೆಳಗ್ಗೆ ಐದಕ್ಕೇ ಹೋಟೆಲಿನ ಬಾಗಿಲು ತೆರೆದು ಅಭ್ಯಾಸವಾದವರು. ಅಷ್ಟರೊಳಗೆ ಅವರನ್ನೆಲ್ಲ ಡೇಟಾಬೇಸಿಗೆ…